ಚೀನಾದಿಂದ ಬಂದ ಸೂಜಿಗಲ್ಲು

ಬಳ್ಳಾರಿ

ನಾನು ಚೀನಾಕ್ಕೆ ಹೋಗಿ ಬಂದ ಕಥೆಯನ್ನು ನಮ್ಮ ಓಣಿಯಲ್ಲಿ ಕೇಳದವರಿಲ್ಲ. ಅಲ್ಲಿಯ ಜನ ಚಾಕ್ಕೆ ಹಾಲು ಹಾಕುವುದಿಲ್ಲ, ಸಕ್ಕರೆ ಹಾಕುವುದಿಲ್ಲ, ಬೆರಳುದ್ದದ ಬಟ್ಟಲಿನಲ್ಲಿ ಬಿಸಿನೀರಿನಂಥದ್ದನ್ನು ಕುಡಿದು ಕಣ್ಣು ಮುಚ್ಚುತ್ತಾರೆ ಎಂದರೆ ಅಂಗಡಿಯ ಕಟ್ಟೆಯ ಮೇಲೆ ಕೂತವರು ಬಿದ್ದು ಬಿದ್ದು ನಗುತ್ತಿದ್ದರು. ಹೇಳುವಾಗ ಒಂದು ಮಧ್ಯಾಹ್ನವನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ಈಗ ವಯಸ್ಸಾಗಿದೆ. ಆ ಮಧ್ಯಾಹ್ನವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಪಾಪ ಹೇಳಿಬಿಡುತ್ತೇನೆ, ಆಮೇಲೆ ಪ್ರವಾಸ.

ನನ್ನದು ಚಾಪುಡಿ ವ್ಯಾಪಾರ. ಗಣಿಗಳು ಜೋರಾಗಿದ್ದ ಆ ವರ್ಷಗಳಲ್ಲಿ ಬಳ್ಳಾರಿಗೆ ಎಷ್ಟು ಲಾರಿ ಬಂದವೋ ಅಷ್ಟು ಚಾ ಬೇಕಾಯಿತು. ರಸ್ತೆಬದಿಯ ಹೋಟೆಲುಗಳು, ಗಣಿಗಳ ಕ್ಯಾಂಟೀನುಗಳು, ಎಲ್ಲ ಕಡೆ ನನ್ನ ಪುಡಿಯೇ. ಕಡಲೆ ಹೊಟ್ಟನ್ನು ಕರ್ರಗೆ ಹುರಿದು, ಬಣ್ಣ ಹಾಕಿ, ಅಸಲಿ ಪುಡಿಗೆ ಬೆರೆಸುತ್ತಿದ್ದೆ. ಆ ಕೆಲಸಕ್ಕೆ ಕುರುಗೋಡು ರಸ್ತೆಯಲ್ಲಿ, ಬಾದನಹಟ್ಟಿಯ ಹತ್ತಿರ ಒಂದು ಶೆಡ್ಡು ಇತ್ತು. ಬಣ್ಣ ಹಾಕಿದ ಹೊಟ್ಟನ್ನು ಶೆಡ್ಡಿನ ಮುಂದೆ ಬಿಸಿಲಿಗೆ ಹರವುತ್ತಿದ್ದೆವು. ದೊಡ್ಡ ರಸ್ತೆ ತುಂಬಿದಾಗ ಅದಿರಿನ ಲಾರಿಗಳು ಆ ಕಡೆಯಿಂದಲೂ ಓಡುತ್ತಿದ್ದವು. ಅವು ಎಬ್ಬಿಸಿದ ಧೂಳು ಹೊಟ್ಟಿನ ಮೇಲೆ ಕೂರುತ್ತಿತ್ತು. ಕೆಲಸದ ಹೆಂಗಸರು ಒಮ್ಮೆ ಹೇಳಿದರು. ನಾನು, "ಬೀಳ್ಲಿ ಬಿಡ್ರಿ, ಬಣ್ಣ ಹೆಚ್ಚಾಗತೈತಿ" ಎಂದು ನಕ್ಕಿದ್ದೆ. ಆ ನಗು ನನಗೆ ಇಂದಿಗೂ ಕೇಳಿಸುತ್ತದೆ.

ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವವರಿಗೂ ಅದೇ ಪುಡಿ. ಅವರಲ್ಲಿ ಒಬ್ಬರು ಗುಂಡಾಚಾರ್ರು. ಸಿರುಗುಪ್ಪದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಬಳ್ಳಾರಿಯಲ್ಲಿ ನೆಲೆಸಿದ್ದರು. ಇಪ್ಪತ್ತು ವರ್ಷದ ಗೆಳೆತನ ನಮ್ಮದು. ಅವರ ಹೆಂಡತಿ ಪದ್ಮಾವತಮ್ಮನಿಗೆ ಇದ್ದದ್ದು ಒಂದೇ ಚಟ, ಚಾ. ಏಕಾದಶಿ ಬಿಟ್ಟರೆ ಉಳಿದ ದಿನ ಒಲೆಯ ಮೇಲೆ ಚಾದ ಪಾತ್ರೆ ಇದ್ದೇ ಇರುತ್ತಿತ್ತು. "ನಮ್ಮನ್ಯಾಗ ಎರಡು ನಂಬಿಕಿ ಅದಾವ ಸಾಬ್ರ," ಎನ್ನುತ್ತಿದ್ದರು ಆಚಾರ್ರು. "ರಾಯರ ಮ್ಯಾಲೆ ಒಂದು, ನಿಮ್ಮ ಚಾಪುಡಿ ಮ್ಯಾಲೆ ಒಂದು."

ಅದಿರು ಕೊಳ್ಳಲು ಚೀನಾದವರು ಬಳ್ಳಾರಿಗೆ ಬರುತ್ತಿದ್ದ ಕಾಲ. ಒಬ್ಬ ಗಣಿ ಧಣಿಯ ಗೆಸ್ಟ್ ಹೌಸಿನಲ್ಲಿ ಅವರಿಗೆ ನನ್ನ ಚಾ ಕೊಟ್ಟರಂತೆ. ಒಂದು ಗುಟುಕು ಕುಡಿದು ಎಲ್ಲರೂ ಬಟ್ಟಲು ಕೆಳಗಿಟ್ಟರಂತೆ. ಧಣಿಗೆ ಅವಮಾನವಾಯಿತು. ನನ್ನನ್ನು ಕರೆಸಿದರು.

"ಲೇ ಇಮಾಮಸಾಬ, ಅವರ ದೇಶಕ್ಕ ಹೋಗು. ಅವರು ಕುಡಿಯೋ ಚಾನ ತಗೊಂಡು ಬಾ. ಅದಿರು ಇಲ್ಲಿಂದ ಹೋಗತೈತಿ, ಚಾ ಅಲ್ಲಿಂದ ಬರ್ಲಿ."

"ನನಗ ಭಾಷಿ ಬರಂಗಿಲ್ರಿ ಧಣಿ. ಎಸ್ಸೆಸ್ಸೆಲ್ಸಿ ಇಂಗ್ಲಿಷು, ಕೇಳಿದ್ರ ಅರ್ಧ ತಿಳಿತೈತಿ, ಮಾತಾಡಾಕ ಬಾಯಿ ಬರಂಗಿಲ್ಲ."

"ಬರೋರನ್ನ ಕರ್ಕೊಂಡು ಹೋಗು."

ಹಾಗೆ ಆಚಾರ್ರು ಹೊರಟರು. ಹಂಪಿ, ಮಂತ್ರಾಲಯ ಬಿಟ್ಟು ಬೇರೆ ಪ್ರವಾಸ ಮಾಡದ ಮನುಷ್ಯ, ನನ್ನ ಮೇಲಿನ ವಿಶ್ವಾಸಕ್ಕೆ ಸಮುದ್ರ ದಾಟಲು ಒಪ್ಪಿದರು.

ಆಕಾಶ

ವಿಮಾನ ಮೇಲೇಳುವಾಗ ನಾನು ಕಲ್ಮಾ ಹೇಳುತ್ತಿದ್ದೆ, ಪಕ್ಕದಲ್ಲಿ ಆಚಾರ್ರು ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ವಿಮಾನ ಕುಲುಕಿದಾಗ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದೆವು. ಆಮೇಲೆ ನಾಚಿಕೆಯಾಗಿ ಬಿಟ್ಟೆವು.

ಊಟದ ತಟ್ಟೆ ಬಂತು. ಮುಚ್ಚಳ ತೆಗೆದು ನೋಡಿದೆವು, ಮತ್ತೆ ಮುಚ್ಚಿದೆವು.

"ಸಾಬ್ರ, ನಿಮಗರ ಹಂದಿ ಒಂದರ ಭಯ. ನನಗ ಮುಚ್ಚಳದಿಂದ ಹಿಡಿದು ಎಲ್ಲಾದರ ಭಯ," ಎಂದರು ಆಚಾರ್ರು. ಅವರ ಚೀಲದಲ್ಲಿ ಪದ್ಮಾವತಮ್ಮ ಕಟ್ಟಿಕೊಟ್ಟ ಹಚ್ಚಿದ ಅವಲಕ್ಕಿ ಇತ್ತು. ಚೀನಾದಲ್ಲಿದ್ದಷ್ಟು ದಿನ ನಾವು ಬದುಕಿದ್ದು ಬಹುಪಾಲು ಆ ಅವಲಕ್ಕಿಯ ಮೇಲೆ. ಅವರ ಹೆಂಡತಿಯ ಕೈ ಅವಲಕ್ಕಿ ತಿನ್ನುತ್ತಿದ್ದೇನೆ, ಅವರ ಹೆಂಡತಿಗೆ ನಾನು ಏನು ಕುಡಿಸುತ್ತಿದ್ದೇನೆ ಎಂಬ ವಿಚಾರ ಆಗ ನನಗೆ ಬರಲಿಲ್ಲ.

ಶಿಯಾಮೆನ್

ಇದು ಕಡಲ ದಂಡೆಯ ದೊಡ್ಡ ಊರು. ಧಣಿಯ ಗಿರಾಕಿಗಳು ನಮಗಾಗಿ ಲಿನ್ ಎಂಬ ಹೆಣ್ಣುಮಗಳನ್ನು ಕಳಿಸಿದ್ದರು. ಆಕೆ ಚೀನೀ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು, ಆಚಾರ್ರು ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ನಾನು ಹೇಳಿದ ಮಾತು ಎರಡು ಬಾಯಿ ದಾಟಿ ಹೋಗಬೇಕು, ಎರಡು ಬಾಯಿ ದಾಟಿ ಬರಬೇಕು.

ಮೊದಲ ಸಂಜೆಯೇ ಒಂದು ಚಾ ಅಂಗಡಿಯಲ್ಲಿ ಪೇಚಿಗೆ ಬಿದ್ದೆ. ನಮ್ಮ ಕಡೆ ಯಾರಾದರೂ ಚಾ ಕೊಟ್ಟರೆ ಲೋಟ ಖಾಲಿ ಮಾಡುವುದು ಮರ್ಯಾದೆ. ನಾನು ಖಾಲಿ ಮಾಡಿದೆ, ಅಂಗಡಿಯಾತ ತುಂಬಿದ. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿದ. ಹೊಟ್ಟೆ ಉಬ್ಬಿತು, ಎದೆ ಬಡಿದುಕೊಳ್ಳತೊಡಗಿತು. ಈತ ನನ್ನನ್ನು ಕೊಲ್ಲಲು ಕೂತಿದ್ದಾನೆಯೇ ಎನ್ನಿಸಿತು. ಕೊನೆಗೆ ಆಚಾರ್ರು ಲಿನ್‌ಳನ್ನು ಕೇಳಿ ತಿಳಿದು ಹೇಳಿದರು: "ಸಾಕಾದ್ರ ತುಂಬಿದ ಬಟ್ಟಲ ಹಂಗ ಬಿಡಬೇಕಂತ್ರಿ. ನೀವು ಖಾಲಿ ಮಾಡ್ತೀರಿ, ಪಾಪ ಆತ ನಿಮ್ಮ ನೀರಡಿಕೆಗೆ ಹೆದರ್ಯಾನ."

ಚಾ ಹೊಯ್ದಾಗ ಅಲ್ಲಿಯವರು ಎರಡು ಬೆರಳಿಂದ ಮೇಜು ತಟ್ಟುತ್ತಾರೆ. ಅದು ಧನ್ಯವಾದ. ನಮ್ಮ ಹೋಟೆಲುಗಳಲ್ಲಿ ಮೇಜು ತಟ್ಟಿದರೆ ಸಪ್ಲೈಯರ್ ಜಗಳಕ್ಕೆ ಬರುತ್ತಾನೆ. ನಾನು ತಟ್ಟಲು ಕಲಿತೆ. ಆದರೆ ಬೆರಳು ಒಳ್ಳೆಯ ಮನಸ್ಸಿನಿಂದ ತಟ್ಟಲಿಲ್ಲ. ಚಾವನ್ನು ಇಷ್ಟು ಗೌರವದಿಂದ ನೋಡುವ ಜನರ ನಡುವೆ ನನಗೆ ಏನೋ ಅಳುಕು ಶುರುವಾಗಿತ್ತು.

ಬೆಟ್ಟ, ಮೊದಲ ದಿನ

ಅನ್ಶಿ ಎಂಬ ಸೀಮೆಯ ಬೆಟ್ಟಗಳಿಗೆ ಲಿನ್ ಜೊತೆ ಕಾರಿನಲ್ಲಿ ಹೋದೆವು. ಮೋಕದ ಕಡೆಯ ಎರೆಹೊಲದ ನೇರ ರಸ್ತೆಗಳಲ್ಲಿ ಓಡಾಡಿದ ನನಗೆ ಆ ತಿರುವುಗಳಲ್ಲಿ ಜೀವ ಬಾಯಿಗೆ ಬಂತು. ಕಣ್ಣು ತೆರೆದಾಗ ಕಂಡದ್ದು ಕೆಂಪು ಮಣ್ಣು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ, ಪ್ರತಿ ಮೆಟ್ಟಿಲಿಗೂ ಹಸಿರು ಅಂಚು, ನಡುವೆ ಕುಂಕುಮದಂಥ ಮಣ್ಣು.

"ಇದೇನ್ರಿ ಆಚಾರ್ರ, ಸೊಂಡೂರು ಗುಡ್ಡ ಇಲ್ಲಿಗೆ ಬಂದೈತಿ?"

"ಅದು ಹಡಗಿನ್ಯಾಗ ಬರಾಕತ್ತೈತಿ, ಇನ್ನೂ ಮುಟ್ಟಿಲ್ಲ," ಎಂದರು. "ಇವರು ಮಣ್ಣಿನ ಮ್ಯಾಲೆ ಬೆಳೀತಾರ ಸಾಬ್ರ. ನಾವು ಮಣ್ಣನ್ನ ಮಾರ್ತೀವಿ."

ನಾವು ಇಳಿದದ್ದು ಚೆನ್ ಅಜ್ಜಿಯ ಮನೆಯಲ್ಲಿ. ಎಪ್ಪತ್ತು ದಾಟಿದ, ಗಿಡ್ಡನೆಯ ಹೆಂಗಸು. ಬೆರಳ ತುದಿಗಳು ಎಲೆಯ ರಸಕ್ಕೆ ಕಪ್ಪಾಗಿದ್ದವು. ಆ ಊರಿನ ಬೆಳೆಗಾರರೆಲ್ಲ ತಮ್ಮ ಚಾವನ್ನು ಆಕೆಯ ಮೂಗಿಗೆ ಹಿಡಿದ ಮೇಲೆಯೇ ಮಾರುತ್ತಿದ್ದರಂತೆ.

ಇಲ್ಲಿಂದ ನನ್ನ ಕಷ್ಟ ಶುರು. ಬರಿಗೈಲಿ ಹೋಗಬಾರದೆಂದು ನಾನು ನೀಲಗಿರಿಯ ಅಸಲಿ ಎಲೆ ಚಾದ ಒಂದು ಪೊಟ್ಟಣ ತಂದಿದ್ದೆ. ಅದನ್ನು ಚೀಲದಿಂದ ತೆಗೆಯುವಷ್ಟರಲ್ಲಿ ಆಚಾರ್ರು ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದರು. ನನ್ನದೇ ಅಂಗಡಿಯ ಹಳದಿ ಕಾಗದ.

"ನಮ್ಮನಿ ಚಾ ರೀ," ಎಂದು ನನಗೆ ಹೇಳಿದರು. ಮುಖ ಅರಳಿತ್ತು. "ನಮ್ಮಾಕಿ ತನ್ನ ಡಬ್ಬಿಯಿಂದಾನ ತುಂಬಿಕೊಟ್ಟಾಳ. ಚಾ ಬೆಳೆಯೋರಿಗೆ ಸಾಬ್ರ ಚಾ ಕುಡಿಸ್ರಿ ಅಂದ್ಲು." ಆಮೇಲೆ ಎದ್ದು ನಿಂತು, ಸಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ, ಇಂಗ್ಲಿಷಿನಲ್ಲಿ ನನ್ನ ಗುಣಗಾನ ಮಾಡಿದರು. ಪ್ರಾಮಾಣಿಕ ಎಂಬ ಮಾತು ಎರಡು ಸಲ ಬಂತು.

ಅಜ್ಜಿ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗಂಡನ ಫೋಟೋದ ಕೆಳಗಿನ ಹಲಗೆಯ ಮೇಲೆ ಇಟ್ಟಳು. ನಾಳೆ ಊರಿನ ಬೆಳೆಗಾರರೆಲ್ಲ ಬರುತ್ತಾರೆ, ಅವರೆದುರಿಗೇ ತೆಗೆದು ಎಲ್ಲರೂ ಕುಡಿಯೋಣ ಎಂದಳಂತೆ.

ಅಲ್ಲಿಯವರೆಗೂ ನಾನು ಅಷ್ಟು ಹೆದರಿರಲಿಲ್ಲ. ಹಾಲಿಲ್ಲದೆ ಕುಡಿದರೆ ಕಹಿ ಎನ್ನುತ್ತಾರೆ, ಅಷ್ಟೇ ಎಂದುಕೊಂಡೆ. ಆಮೇಲೆ ಆಕೆ ಕೆಲಸ ಮಾಡುವುದನ್ನು ನೋಡಿದೆ. ಬಾಡಿಸಿ, ಬಿದಿರಿನ ಮೊರಗಳಲ್ಲಿ ಕುಲುಕಿ, ಹುರಿದು, ಹೊಸೆದು ಒಣಗಿಸಿದ ತನ್ನ ಮಗನ ಚಾವನ್ನು ಬಿಳಿ ತಟ್ಟೆಯಲ್ಲಿ ಹರವಿದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ಒಂದು ಸರಳನ್ನು ತೆಗೆದು ಚಾದ ಮೇಲೆ ನಿಧಾನ ಆಡಿಸಿದಳು. ಸೂಜಿಗಲ್ಲು. ಯಂತ್ರದಿಂದ ಕಬ್ಬಿಣದ ಚೂರು ಬಿದ್ದಿದ್ದರೆ ಅಂಟಿಕೊಳ್ಳಲಿ ಎಂದು. ಆಮೇಲೆ ಒಂದು ಚಿಟಿಕೆಯನ್ನು ತಣ್ಣೀರಿನ ಬಟ್ಟಲಿಗೆ ಹಾಕಿ ಕಾದಳು. ಅಸಲಿ ಚಾ ತಣ್ಣೀರಿಗೆ ಬಣ್ಣ ಬಿಡಲು ಹೊತ್ತು ಹಿಡಿಯುತ್ತದೆ. ಇವೆರಡೂ ಆದ ಮೇಲೆಯೇ ಬಿಸಿನೀರು.

"ಯಾವ ಚಾ ಬಂದರೂ ಈ ಮನ್ಯಾಗ ಮೊದಲು ಇದನ್ನ ಮಾಡ್ತಾರಂತ," ಎಂದರು ಆಚಾರ್ರು ಮೆಚ್ಚಿಕೆಯಿಂದ. "ಮಗಂದೂ ಬಿಡಂಗಿಲ್ಲಂತ. ಅವನಿಗೆ ಸಿಟ್ಟು ಬರತೈತಂತ."

ನಾನು ಹಲಗೆಯ ಮೇಲಿನ ಹಳದಿ ಪೊಟ್ಟಣ ನೋಡಿದೆ.

ಬೆಟ್ಟ, ಎರಡನೆಯ ದಿನ

ಬೆಳಿಗ್ಗೆ ಎಲ್ಲರೂ, ಲಿನ್ ಕೂಡ, ಎಲೆ ಕೀಳಲು ಹೋದರು. ಆಚಾರ್ರು ಹಿತ್ತಲಿನಲ್ಲಿ ಸ್ನಾನಕ್ಕೆ ನಿಂತಿದ್ದರು. ನೀಲಗಿರಿ ಪೊಟ್ಟಣವನ್ನು ಅಂಗಿಯೊಳಗೆ ಸೇರಿಸಿಕೊಂಡು ನಡುಮನೆಗೆ ಹೋದೆ. ಹಳದಿ ಕಾಗದದೊಳಗೆ ಅಸಲಿ ಎಲೆ ತುಂಬಿಟ್ಟರೆ ಮುಗಿಯಿತು. ಕೈ ಚಾಚಿದೆ. ಅಜ್ಜಿಯ ಸೊಸೆ ಬಾಗಿಲಲ್ಲಿ ನಿಂತಿದ್ದಳು.

ನಾನು ಹೊಟ್ಟೆ ಹಿಡಿದುಕೊಂಡೆ. ಪೊಟ್ಟಣ ಕೆಳಗೆ ಜಾರದಿರಲಿ ಎಂದು ಹಿಡಿದದ್ದು, ಆಕೆ ಬೇರೆ ತಿಳಿದಳು. ಕೈ ಹಿಡಿದು ಪಾಯಖಾನೆಗೆ ಕರೆದುಕೊಂಡು ಹೋಗಿ ಹೊರಗೆ ಕಾದು ನಿಂತಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದೆ, ಮತ್ತೆ ಅಲ್ಲಿಗೇ ಕರೆದೊಯ್ದಳು. ಮೂರನೆಯ ಸಲ ಆಕೆ ಆಚಾರ್ರಿಗೆ ಸನ್ನೆಯಲ್ಲಿ ತಿಳಿಸಿದಳು. ಅವರು ಗಾಬರಿಯಾಗಿ ಬಂದು ಒಂದು ಚಿಟಿಕೆ ಓಮಕಾಳು ನನ್ನ ಅಂಗೈಗೆ ಹಾಕಿದರು.

"ಅಗೀರಿ ಸಾಬ್ರ. ಮುಖ ಬಿಳಚಿಗೊಂಡೈತಿ. ನಿಮಗೇನರ ಆದ್ರ ನಾನು ನಿಮ್ಮ ಮನ್ಯಾಗ ಏನಂತ ಹೇಳ್ಲಿ?"

ನಾನು ಓಮ ಅಗಿದೆ. ಆಗಲೇ ಅವರಿಗೆ ಹೇಳಿಬಿಡಬಹುದಿತ್ತು. ಒಂದು ಮಾತು, ಕನ್ನಡದಲ್ಲಿ, ಆ ಇಡೀ ಬೆಟ್ಟದಲ್ಲಿ ಬೇರೆ ಯಾರಿಗೂ ತಿಳಿಯದ ಮಾತು. ಬಾಯಿ ಬರಲಿಲ್ಲ.

ಮಧ್ಯಾಹ್ನ ಏಳೆಂಟು ಜನ ಬೆಳೆಗಾರರು ಬಂದು ಬೆಂಚುಗಳ ಮೇಲೆ ಕೂತರು. ಅಜ್ಜಿ ಪೊಟ್ಟಣ ಬಿಚ್ಚಿ ಬಿಳಿ ತಟ್ಟೆಯಲ್ಲಿ ಸುರಿದಳು. ಮೊಳೆಯಿಂದ ಸೂಜಿಗಲ್ಲು ತೆಗೆದಳು. ಅನುಮಾನ ಏನೂ ಇರಲಿಲ್ಲ ಆಕೆಗೆ, ಕೈಗೆ ರೂಢಿಯಾದ ಕೆಲಸ. ಒಂದು ಸಲ ಆಡಿಸಿ ಎತ್ತಿದಳು.

ಸರಳಿನ ತುಂಬ ಕರಿಯ ಕೂದಲು ಎದ್ದು ನಿಂತಿತ್ತು.

ನನ್ನ ಶೆಡ್ಡಿನ ಮುಂದಿನ ಧೂಳು. ಲಾರಿ ಏರಿ, ಹಡಗು ಏರಿ ಈ ದೇಶಕ್ಕೆ ಬರಬೇಕಾದ ಅದಿರು ಪದ್ಮಾವತಮ್ಮನ ಚಾದ ಡಬ್ಬಿಯಿಂದ ಬಂದು ಈ ಮುದುಕಿಯ ಕೈಯಲ್ಲಿ ನಿಂತಿತ್ತು.

ಬೆಂಚಿನ ಮೇಲೆ ಒಬ್ಬ ನಕ್ಕ. ಅಜ್ಜಿ ತಿರುಗಿ ನೋಡಿದಳು, ನಗು ನಿಂತಿತು. ಆಕೆ ಒಂದು ಚಿಟಿಕೆಯನ್ನು ತಣ್ಣೀರಿಗೆ ಹಾಕಿದಳು. ತಳಕ್ಕೆ ಇಳಿಯುವ ಮೊದಲೇ ಬಣ್ಣ ಎಳೆ ಎಳೆಯಾಗಿ ಬಿಟ್ಟಿತು. ಬೆರಳಿನಿಂದ ಒಂದು ಚೂರು ತೆಗೆದು ಉಜ್ಜಿದಳು. ಬಣ್ಣ ಹೋಗಿ ಹುರಿದ ಕಡಲೆ ಹೊಟ್ಟು ಕಂಡಿತು. ಬಿಸಿನೀರಿನ ಕೆಟಲ್ಲನ್ನು ಆಕೆ ಮುಟ್ಟಲಿಲ್ಲ. ಲಿನ್‌ಗೆ ಮೆಲ್ಲಗೆ ಏನೋ ಹೇಳಿದಳು.

ಲಿನ್ ಇಂಗ್ಲಿಷಿನಲ್ಲಿ ಹೇಳುವಾಗ ಧ್ವನಿ ತಗ್ಗಿಸಿದಳು. ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಳು. ಐರನ್ ಎಂದಳು. ಬಳ್ಳಾರಿಯಲ್ಲಿ ಆ ವರ್ಷಗಳಲ್ಲಿ ಆ ಪದ ಕೂಸಿಗೂ ಗೊತ್ತಿತ್ತು. ಕಲರ್ ಎಂದಳು. ನಾಟ್ ಟೀ ಎಂದಳು.

ಆಚಾರ್ರು ತಟ್ಟೆಯನ್ನು ನೋಡುತ್ತಿದ್ದರು. ನನ್ನನ್ನು ನೋಡಲಿಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದ ಮನುಷ್ಯ. ಇಂಗ್ಲಿಷಿನಲ್ಲಿ ಲಿನ್‌ಗೆ ಹೇಳಿದರು. ತಪ್ಪು ನಮ್ಮ ಮನೆಯದು ಎಂದರು. ಮೈ ಹೌಸ್, ಮೈ ಟಿನ್. ಹಳೆಯ ಕಬ್ಬಿಣದ ಡಬ್ಬಿ, ತುಕ್ಕು ಹಿಡಿದಿದೆ ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಬಹಳ ಗಟ್ಟಿ ಚಾ ಅಂತಾರ ಸಾಬ್ರ. ಇಲ್ಲಿ ಮಂದಿಗೆ ಇಷ್ಟು ಗಟ್ಟಿ ಒಗ್ಗಂಗಿಲ್ಲಂತ."

ನಾನು ತಲೆ ಆಡಿಸಿದೆ. "ಹೌದ್ರಿ, ನಮ್ದು ಗಟ್ಟಿ," ಎಂದೆ.

ಅಜ್ಜಿ ನಮ್ಮಿಬ್ಬರ ಮುಖ ನೋಡಿದಳು. ಕನ್ನಡ ಬರದಿದ್ದರೂ ಆಕೆಗೆ ಎಲ್ಲ ತಿಳಿಯಿತು ಎಂದೇ ನನ್ನ ನಂಬಿಕೆ. ಆಚಾರ್ರಿಗೆ ಒಂದು ಪ್ರಶ್ನೆ ಕೇಳಿದಳು. ನಿನ್ನ ಹೆಂಡತಿ ಇದನ್ನು ಕುಡಿಯುತ್ತಾಳೆಯೇ ಎಂದು. ಆಚಾರ್ರು, "ಎವೆರಿ ಡೇ" ಎಂದರು.

ಅಜ್ಜಿ ಎದ್ದು ಸೂಜಿಗಲ್ಲನ್ನು ಒರೆಸಿ, ಕೆಂಪು ಕಾಗದದಲ್ಲಿ ಸುತ್ತಿ, ಎರಡೂ ಕೈಯಿಂದ ಅವರಿಗೆ ಕೊಟ್ಟಳು. ಆಮೇಲೆ ತನ್ನ ಚಾ ಕಾಸಿದಳು. ಎಲ್ಲರಿಗೂ ಹೊಯ್ದಳು, ನನಗೂ. ಎಲ್ಲರೂ ಬೆರಳಿಂದ ಮೇಜು ತಟ್ಟಿದರು. ನನ್ನ ಬೆರಳು ಏಳಲಿಲ್ಲ.

ವಾಪಸು

ಧಣಿಗೆ ಬೇಕಾದ ಚಾ ಸಿಕ್ಕಿತು. ಅಜ್ಜಿ ನನಗೂ ಒಳ್ಳೆಯದನ್ನೇ ಕೊಟ್ಟಳು. ಆಮೇಲಿನ ಊರುಗಳು ನನಗೆ ನೆನಪಿಲ್ಲ. ಆಚಾರ್ರು ಈಗ ಕೇಳುತ್ತಾರೆ, ಇನ್ನೊಂದು ಗಳಿಗೆಗೆ ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಅವಲಕ್ಕಿಯನ್ನು ಎಂದಿನಂತೆ ಎರಡು ಪಾಲು ಮಾಡಿ, ದೊಡ್ಡದನ್ನು ನನ್ನ ಮುಂದಿಡುತ್ತಿದ್ದರು.

ವಿಮಾನ ನಿಲ್ದಾಣದಲ್ಲಿ ಪೊಲೀಸರು ಅವರ ಚೀಲ ನಿಲ್ಲಿಸಿದರು. ಕೆಂಪು ಕಾಗದ ಬಿಚ್ಚಿದರು. ಸರಳನ್ನು ತಿರುವಿ ಮುರುವಿ ನೋಡಿದರು. ಇದು ಏನು, ಯಾಕೆ ಎಂದು ಕೇಳಿದರು. ಈಗ ನಿಜ ಹೇಳಲೇಬೇಕು ಎಂದುಕೊಂಡೆ.

"ಫಾರ್ ಟೀ," ಎಂದರು ಆಚಾರ್ರು.

ಪೊಲೀಸರಿಗೆ ಏನೂ ತಿಳಿಯಲಿಲ್ಲ. ಬಿಟ್ಟರು.

ವಿಮಾನದಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತಾ ಒಂದೇ ಒಂದು ಮಾತು ಆಡಿದರು. "ನಮ್ಮಾಕಿ ಚಾದ ಡಬ್ಬಿ ಹಿತ್ತಾಳಿದು, ಸಾಬ್ರ. ತುಕ್ಕು ಹಿಡಿಯಂಗಿಲ್ಲ."

ನಾನು ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಉಸಿರು ಬಿಟ್ಟೆ.

ಮತ್ತೆ ಬಳ್ಳಾರಿ

ಮುಂದಿನ ತಿಂಗಳು ಆಚಾರ್ರು ಅಂಗಡಿಗೆ ಬಂದರು. "ಚಾಪುಡಿ ಕೊಡ್ರಿ ಸಾಬ್ರ. ಮನ್ಯಾಗ ಮುಗದೈತಿ."

ಬಲಗಡೆ ಅಸಲಿ ಎಲೆಯ ಡಬ್ಬ, ಎಡಗಡೆ ಹಳದಿ ಪೊಟ್ಟಣಗಳು. ಅಸಲಿ ಕೊಟ್ಟರೆ ತಪ್ಪು ಒಪ್ಪಿಕೊಂಡಂತೆ. ಇಷ್ಟು ದಿನ ಕೊಟ್ಟದ್ದೇನು ಎಂಬ ಮಾತು ಬರುತ್ತದೆ. ಮಾತು ಓಣಿಗೆ ಬಿದ್ದರೆ ಅಂಗಡಿ ಹೋಗುತ್ತದೆ, ಜೈಲೂ ಆದೀತು. ಹೆದರಿಕೆಯಿಂದ, ಬರೀ ಹೆದರಿಕೆಯಿಂದ, ನಾನು ಹಳದಿ ಪೊಟ್ಟಣ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ಹಿಡಿದು ನಿಂತರು. ನಾನು ತಕ್ಕಡಿ ಒರೆಸಿದೆ.

"ಬರ್ತೀನ್ರಿ," ಎಂದು ಹೋದರು.

ಬೇರೆ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಪ್ರತಿ ತಿಂಗಳು ಬಂದರು, ಪೊಟ್ಟಣ ಹಿಡಿದು ಅಷ್ಟೇ ಹೊತ್ತು ನಿಂತರು. ಅವರು ಕಾಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ಗಣಿಗಳು ನಿಂತು, ಲಾರಿಗಳು ಧೂಳು ಹಿಡಿದು ಸಾಲಾಗಿ ನಿಂತ ವರ್ಷ ಆಚಾರ್ರು ತೀರಿಕೊಂಡರು. ಕಾದೇ ಹೋದರು.

ಕರ್ಮಾಂತರ ಮುಗಿದ ಮೇಲೆ ಮನೆಗೆ ಹೋದೆ. ಪದ್ಮಾವತಮ್ಮ ಕೂರಿಸಿ ಚಾಕ್ಕೆ ಇಟ್ಟರು. ಪಡಸಾಲೆಯಿಂದ ಒಲೆ ಕಾಣುತ್ತಿತ್ತು. ಹಿತ್ತಾಳೆ ಡಬ್ಬಿಯಿಂದ ಪುಡಿಯನ್ನು ತಟ್ಟೆಗೆ ಸುರಿದರು. ದೇವರ ಗೂಡಿನ ಪಕ್ಕದಿಂದ ಚೆನ್ ಅಜ್ಜಿಯ ಸೂಜಿಗಲ್ಲು ತೆಗೆದು ಪುಡಿಯ ಮೇಲೆ ಮೂರು ಸಲ ಸುಳಿಸಿದರು. ಕರಿಯ ಕೂದಲು ಎದ್ದಿತು. ಅದನ್ನು ಬಟ್ಟೆಗೆ ಒರೆಸಿ ನನಗೆ ತೋರಿಸಿದರು.

"ನೋಡ್ರಿ, ಎಷ್ಟು ದೃಷ್ಟಿ. ಚೀನಾದ ಮಂದಿ ಹಿಂಗ ತಗೀತಾರಂತ, ಅವರು ಹೇಳಿಕೊಟ್ಟಿದ್ರು. ಮೊದಲ ನೀರೂ ತಣ್ಣಂದು ಹಾಕಿ ಸೋಸಿ ಚೆಲ್ಲಬೇಕಂತ. ಒಂದು ದಿನ ತಪ್ಪಿಸಬ್ಯಾಡ ಅಂದಿದ್ರು." ಪಾತ್ರೆ ಒಲೆಗೆ ಏರಿಸಿದರು. "ನಿಮ್ಮ ಅಂಗಡಿ ಮ್ಯಾಲೆ ಜನರ ಕಣ್ಣು ಭಾಳ ಅದಾವ ಸಾಬ್ರ. ಜ್ವಾಕಿ."

ಆಚಾರ್ರು ಹೆಂಡತಿಯನ್ನೂ ಕಾದರು, ನನ್ನ ಮಾನವನ್ನೂ ಕಾದರು. ಆ ಚಾ ಕುಡಿದೆ. ನನ್ನ ಬೆರಕೆಯನ್ನು ಅದಕ್ಕೆ ಮೊದಲು ನಾನು ಎಂದೂ ಕುಡಿದಿರಲಿಲ್ಲ. ಮರುದಿನ ಬಾದನಹಟ್ಟಿಗೆ ಹೋಗಿ ಹೊಟ್ಟು, ಬಣ್ಣ ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿಸಿದೆ. ಅಸಲಿ ಪುಡಿಯನ್ನೇ ಅವರ ಮನೆಗೆ ಕಳಿಸತೊಡಗಿದೆ. ಪಾಪ ತೀರಿತು ಎಂದುಕೊಂಡೆ. ಹೇಳುವ ಕೆಲಸ ಹಾಗೇ ಉಳಿಯಿತು.

ಹೋದ ವಾರ ಮತ್ತೆ ಹೋಗಿದ್ದೆ. ಪದ್ಮಾವತಮ್ಮನಿಗೂ ಈಗ ಕಣ್ಣು ಮಂಜು. ಸೂಜಿಗಲ್ಲನ್ನು ಸುಳಿಸಿ, ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ಸವರಿ, ಚಿಂತೆಯಿಂದ ನನ್ನ ಕಡೆ ತಿರುಗಿದರು.

"ಈಗೀಗ ಏನೂ ಹತ್ತವಲ್ದು ನೋಡ್ರಿ. ಅವರು ಹೋದ ಮ್ಯಾಲೆ ಇದರ ಶಕ್ತೀನೂ ಹೋಯ್ತೋ ಏನೋ. ದೃಷ್ಟಿ ಹಂಗ ಉಳಕೊಂಡು ನಿಮಗೇನರ ಆದೀತಂತ ನನಗ ಅಂಜಿಕಿ."

ವಿಮಾನದಲ್ಲಿ, ಬೆಟ್ಟದ ತಿರುವುಗಳಲ್ಲಿ, ಪೊಲೀಸರ ಮುಂದೆ ನಾನು ಹೆದರಿದ್ದೆ. ಇದರ ಮುಂದೆ ಅದು ಯಾವುದೂ ಹೆದರಿಕೆಯಲ್ಲ. ಅವರ ಕೈಯಿಂದ ಸರಳನ್ನು ತೆಗೆದುಕೊಂಡೆ. ಚಾ ಆಮೇಲೆ ಮಾಡೋಣ, ಕೂಡ್ರಿ ಎಂದೆ. ಅವರು ಕೂತರು.

"ಅಮ್ಮಾರ," ಎಂದೆ, "ಅದು ದೃಷ್ಟಿ ಅಲ್ರಿ."